ಕ್ಯಾಮೆರಾ ಕೈಗೆ ಬಂದರೂ ಕಿರುಚಿತ್ರ ಮಾಡುವುದು ಏಕೆ ಕಷ್ಟ?

ಒಳ್ಳೆಯ ದೃಶ್ಯ ಸೆರೆಹಿಡಿಯಬಲ್ಲ ಕ್ಯಾಮೆರಾ ಈಗ ಬಹುತೇಕ ಎಲ್ಲರ ಕಿಸೆಯಲ್ಲಿದೆ. ಸಂಕಲನದ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಮುಗಿದ ಚಿತ್ರವನ್ನು ಜನರ ಮುಂದಿಡಲು ಚಿತ್ರಮಂದಿರದವರ ಬಾಗಿಲು ತಟ್ಟಬೇಕಾಗಿಲ್ಲ. ಹೀಗಾಗಿ ವಿದ್ಯಾರ್ಥಿಗಳು, ಕಚೇರಿ ಕೆಲಸದವರು, ಹವ್ಯಾಸಿ ರಂಗಕರ್ಮಿಗಳು ಧೈರ್ಯವಾಗಿ ಕಿರುಚಿತ್ರಕ್ಕೆ ಕೈಹಾಕುತ್ತಿದ್ದಾರೆ. ಹೀಗೆ ಉತ್ಸಾಹದಿಂದ ಶುರುವಾದ ಎಷ್ಟೋ ಚಿತ್ರಗಳು ಅರ್ಧದಲ್ಲೇ ನಿಲ್ಲುತ್ತವೆ. ಚಿತ್ರೀಕರಣ ಮುಗಿದೂ ಹಾರ್ಡ್ ಡಿಸ್ಕಿನಲ್ಲೇ ಉಳಿದುಹೋದವು ಇನ್ನೆಷ್ಟೋ.

ಕಾರಣ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ದುಡ್ಡು ಸಾಲಲಿಲ್ಲ’. ಈ ಉತ್ತರ ಸುಳ್ಳಲ್ಲ, ಆದರೆ ದುಡ್ಡು ಯಾವುದಕ್ಕೆ ಸಾಲಲಿಲ್ಲ, ಯಾವಾಗ ಸಾಲಲಿಲ್ಲ ಎಂದು ಬಿಡಿಸಿ ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಅಗ್ಗವಾಗಿರುವುದು ಉಪಕರಣ ಮಾತ್ರ. ಹತ್ತು ಜನರನ್ನು ಒಂದೇ ದಿನ, ಒಂದೇ ಜಾಗಕ್ಕೆ ಸೇರಿಸಿ, ಸೂರ್ಯ ಮುಳುಗುವುದರೊಳಗೆ ಕೆಲಸ ಮುಗಿಸುವ ವೆಚ್ಚ ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ ಇದೆ.

ಕಿರುಚಿತ್ರ ಎಂದರೆ ಎಷ್ಟು ಉದ್ದ?

ಎಲ್ಲರೂ ಒಪ್ಪಿದ ಒಂದೇ ಅಳತೆ ಇಲ್ಲ. ಆಸ್ಕರ್ ಪ್ರಶಸ್ತಿ ಕೊಡುವ ಅಕಾಡೆಮಿಯ ನಿಯಮದಂತೆ, ಕೊನೆಯ ಹೆಸರುಗಳ ಪಟ್ಟಿಯೂ ಸೇರಿ 40 ನಿಮಿಷ ಮೀರದಿದ್ದರೆ ಅದು ಕಿರುಚಿತ್ರ. ಕಾನ್ ಚಿತ್ರೋತ್ಸವದ ಕಿರುಚಿತ್ರ ಸ್ಪರ್ಧೆಯಲ್ಲಿ ಮಿತಿ 15 ನಿಮಿಷ. ಮೊದಲ ಬಾರಿಗೆ ಚಿತ್ರ ಮಾಡುವವರು ಐದರಿಂದ ಹನ್ನೆರಡು ನಿಮಿಷದೊಳಗೆ ಕಥೆ ಮುಗಿಸಿದರೆ ಒಳ್ಳೆಯದು. ಚಿತ್ರಕಥೆಯನ್ನು ರೂಢಿಯ ವಿನ್ಯಾಸದಲ್ಲಿ ಬರೆದರೆ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಹಿಡಿಯುತ್ತದೆ ಎಂಬ ಅಂದಾಜು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಪುಟ ಹೆಚ್ಚಿದಂತೆ ಚಿತ್ರೀಕರಣದ ದಿನ ಹೆಚ್ಚುತ್ತದೆ, ದಿನ ಹೆಚ್ಚಿದಂತೆ ಖರ್ಚು ಬೆಳೆಯುತ್ತದೆ.

ಇನ್ನು ‘ಕಡಿಮೆ ಬಜೆಟ್’ ಎಂದರೆ ಇಂತಿಷ್ಟೇ ಮೊತ್ತ ಎಂದೇನಿಲ್ಲ. ಕಥೆ ಕೇಳುವಷ್ಟು ಹಣ ಕೈಯಲ್ಲಿ ಇಲ್ಲದಿದ್ದರೆ ಅದೇ ಕಡಿಮೆ ಬಜೆಟ್. ಇಬ್ಬರು ಒಂದು ಕೋಣೆಯಲ್ಲಿ ಕುಳಿತು ಮಾತನಾಡುವ ಕಥೆಗೆ ಸಣ್ಣ ಮೊತ್ತವೂ ಧಾರಾಳವಾಗಬಹುದು. ಅದೇ ಮೊತ್ತ, ರಾತ್ರಿ ರಸ್ತೆಯಲ್ಲಿ ನಡೆಯುವ ಬೆನ್ನಟ್ಟುವಿಕೆಯ ಕಥೆಗೆ ಒಂದು ಗಂಟೆಯ ಕೆಲಸಕ್ಕೂ ಸಾಲದು.

ಒಂದು ದಿನದಲ್ಲಿ ಎಷ್ಟು ಕೆಲಸವಾಗುತ್ತದೆ?

ಮೊದಲು ಎರಡು ಪದಗಳು. ಕ್ಯಾಮೆರಾ ಓಡಲು ಶುರುವಾಗಿ ನಿಲ್ಲುವವರೆಗಿನ ಒಂದು ತುಣುಕಿಗೆ ಶಾಟ್ ಎನ್ನುತ್ತಾರೆ. ಅದೇ ಶಾಟನ್ನು ಸರಿಬರುವವರೆಗೆ ಮತ್ತೆ ಮತ್ತೆ ತೆಗೆದರೆ ಪ್ರತಿ ಪ್ರಯತ್ನವೂ ಒಂದು ಟೇಕ್. ಒಂದು ದೃಶ್ಯದಲ್ಲಿ ಹಲವು ಶಾಟ್‌ಗಳು ಇರುತ್ತವೆ: ಇಡೀ ಕೋಣೆ ಕಾಣುವಂಥದ್ದು, ಮಾತನಾಡುವವನ ಮುಖ, ಕೇಳುವವಳ ಮುಖ, ಮೇಜಿನ ಮೇಲಿನ ಕಾಗದ.

ಹತ್ತು ಪುಟದ ಚಿತ್ರಕಥೆ ಇದೆ ಎಂದುಕೊಳ್ಳೋಣ. ಪುಟಕ್ಕೆ ಏಳು ಶಾಟ್ ಎಂದರೂ ಒಟ್ಟು 70 ಶಾಟ್. ಒಂದು ಶಾಟಿಗೆ ಕ್ಯಾಮೆರಾ ಇಟ್ಟು ಬೆಳಕು ಸರಿಪಡಿಸಲು 15 ನಿಮಿಷ, ತಾಲೀಮಿಗೆ 5 ನಿಮಿಷ, ಮೂರು ನಾಲ್ಕು ಟೇಕ್‌ಗಳಿಗೆ 10 ನಿಮಿಷ, ಒಟ್ಟು ಅರ್ಧ ಗಂಟೆ. ಹತ್ತು ಗಂಟೆಯ ಕೆಲಸದ ದಿನದಲ್ಲಿ ಸಾಮಾನು ಇಳಿಸಿ ಜೋಡಿಸಲು, ಊಟಕ್ಕೆ, ಕೊನೆಯಲ್ಲಿ ಎಲ್ಲವನ್ನೂ ಕಟ್ಟಿಡಲು ಎರಡು ಗಂಟೆ ಹೋಗುತ್ತದೆ. ಉಳಿದ ಎಂಟು ಗಂಟೆಯಲ್ಲಿ 16 ಶಾಟ್. ಅಂದರೆ 70 ಶಾಟ್ ಮುಗಿಯಲು ಐದು ದಿನ ಬೇಕು.

ಹೊಸಬರು ಇದೇ ಚಿತ್ರಕ್ಕೆ ಎರಡು ದಿನ ಇಟ್ಟುಕೊಂಡಿರುತ್ತಾರೆ. ತೊಂದರೆ ಇಲ್ಲೇ ಹುಟ್ಟುತ್ತದೆ. ಮೊದಲ ದಿನ ಬೆಳಿಗ್ಗೆ ಒಂದು ಮುಖ್ಯವಲ್ಲದ ಶಾಟಿಗೆ ಒಂಬತ್ತು ಟೇಕ್ ತೆಗೆದಿರುತ್ತಾರೆ, ಎರಡನೆಯ ದಿನ ಸಂಜೆ ಕಥೆಯ ತಿರುವಿನ ದೃಶ್ಯಕ್ಕೆ ಇಪ್ಪತ್ತು ನಿಮಿಷ ಉಳಿದಿರುತ್ತದೆ. ಚಿತ್ರ ನೋಡಿದವರು ‘ಕೊನೆಯಲ್ಲಿ ಅವಸರ ಮಾಡಿದ್ದಾರೆ’ ಎನ್ನುವುದು ಬಹುತೇಕ ಇದೇ ಕಾರಣಕ್ಕೆ.

ದೊಡ್ಡ ಯೂನಿಟ್ಟಿಗೆ ಹಣ ತಂದುಕೊಡುವುದು ಈ ಸಮಯವನ್ನೇ. ಒಂದು ತಂಡ ಈ ಕೋಣೆಯಲ್ಲಿ ಚಿತ್ರೀಕರಣ ಮಾಡುತ್ತಿರುವಾಗ ಇನ್ನೊಂದು ತಂಡ ಮುಂದಿನ ಕೋಣೆಗೆ ದೀಪ ಕಟ್ಟುತ್ತಿರುತ್ತದೆ. ಮೂವರ ತಂಡದಲ್ಲಿ ಕ್ಯಾಮೆರಾ ಹಿಡಿದವರೇ ದೀಪವನ್ನೂ ಹೊರಬೇಕು, ಆದ್ದರಿಂದ ಒಂದು ಕೆಲಸ ನಡೆಯುವಾಗ ಉಳಿದದ್ದೆಲ್ಲ ನಿಲ್ಲುತ್ತದೆ.

ಹಣವಿಲ್ಲದವರು ಸಮಯವನ್ನು ಚಿತ್ರೀಕರಣಕ್ಕೆ ಮೊದಲೇ ಸಂಪಾದಿಸಿಕೊಳ್ಳಬೇಕು. ನಿರ್ದೇಶಕ ಕ್ರಿಸ್ಟೋಫರ್ ನೋಲನ್ ತಮ್ಮ ಮೊದಲ ಪೂರ್ಣಾವಧಿ ಚಿತ್ರ ‘ಫಾಲೋಯಿಂಗ್’ ಅನ್ನು (1998) ಹೀಗೆಯೇ ಮಾಡಿದರು. ಅದು ಕಿರುಚಿತ್ರವಲ್ಲ, ಆದರೆ ಪಾಠ ಒಂದೇ. ನಟರಿಗೂ ತಂತ್ರಜ್ಞರಿಗೂ ಬೇರೆ ಉದ್ಯೋಗವಿದ್ದುದರಿಂದ ಸುಮಾರು ಒಂದು ವರ್ಷ ವಾರಾಂತ್ಯಗಳಲ್ಲಿ ಚಿತ್ರೀಕರಣ ನಡೆಯಿತು. 16 ಎಂ.ಎಂ. ಫಿಲ್ಮಿನ ಖರ್ಚು ಉಳಿಸಲು ದೃಶ್ಯಗಳನ್ನು ಮೊದಲೇ ಚೆನ್ನಾಗಿ ತಾಲೀಮು ಮಾಡಿ, ಒಂದೆರಡು ಟೇಕ್‌ಗಳಲ್ಲೇ ಮುಗಿಸುವುದನ್ನು ರೂಢಿಸಿಕೊಂಡಿದ್ದರು. ತಾಲೀಮಿಗೆ ಕ್ಯಾಮೆರಾ ಬಾಡಿಗೆ ಇಲ್ಲ, ಲೊಕೇಶನ್ನಿನ ಅನುಮತಿ ಬೇಕಿಲ್ಲ, ದೀಪ ಬೇಕಿಲ್ಲ. ಬಡ ಚಿತ್ರಕ್ಕೆ ಇದಕ್ಕಿಂತ ದೊಡ್ಡ ನೆರವು ನನಗೆ ಗೊತ್ತಿಲ್ಲ.

ಬಜೆಟ್ ನಿರ್ಧಾರವಾಗುವುದು ಬರೆಯುವ ಮೇಜಿನ ಮೇಲೆ

ಈ ಒಂದು ಸಾಲು ನೋಡಿ: ‘ರಾತ್ರಿ. ಜೋರು ಮಳೆ. ಜನ ತುಂಬಿದ ಬಸ್ ನಿಲ್ದಾಣದಲ್ಲಿ ಅವಳು ಒಬ್ಬಳೇ ನಿಂತಿದ್ದಾಳೆ.’

ಓದಲು ಐದು ಸೆಕೆಂಡು. ಚಿತ್ರೀಕರಿಸಲು ಹೋದರೆ ಪ್ರತಿ ಪದಕ್ಕೂ ಒಂದು ಬಿಲ್ ಇದೆ. ರಾತ್ರಿ ಎಂದರೆ ದೀಪಗಳು, ಅವುಗಳಿಗೆ ವಿದ್ಯುತ್ತು, ಸಮಯಕ್ಕೆ ಮಲಗದೆ ದಣಿದ ತಂಡ. ಮಳೆ ಎಂದರೆ ನೀರಿನ ಟ್ಯಾಂಕರ್, ಪಂಪು, ಕೊಳವೆ, ಉಪಕರಣಗಳಿಗೆ ರಕ್ಷಣೆ, ಪ್ರತಿ ಟೇಕ್ ಆದ ಮೇಲೂ ನಟಿಗೆ ಒಣಗಿದ ಬಟ್ಟೆ. ಸಹಜವಾದ ಮಳೆಗೆ ಕಾಯೋಣವೆಂದರೆ ಅದು ಎರಡನೆಯ ಟೇಕಿಗೆ ಇರುತ್ತದೆಂಬ ಖಾತ್ರಿಯಿಲ್ಲ, ಜೊತೆಗೆ ನಿಜವಾದ ಮಳೆಹನಿ ಕ್ಯಾಮೆರಾಕ್ಕೆ ಅಷ್ಟಾಗಿ ಕಾಣುವುದೂ ಇಲ್ಲ, ಹಿಂದಿನಿಂದ ಬೆಳಕು ಬಿಟ್ಟರೆ ಮಾತ್ರ ಹೊಳೆಯುತ್ತದೆ. ಜನ ತುಂಬಿದ ನಿಲ್ದಾಣವೆಂದರೆ ಅನುಮತಿ, ಗದ್ದಲ, ಕ್ಯಾಮೆರಾವನ್ನೇ ದಿಟ್ಟಿಸುವ ನೂರು ಮುಖಗಳು.

ಈಗ ಬರಹಗಾರ ತಾನೇ ಪ್ರಶ್ನೆ ಹಾಕಿಕೊಳ್ಳಬೇಕು: ಈ ದೃಶ್ಯ ಕಥೆಗೆ ಏನು ಕೊಡುತ್ತಿದೆ? ಅವಳ ಒಂಟಿತನವನ್ನು ತಾನೇ? ಹಾಗಿದ್ದರೆ ದೃಶ್ಯವನ್ನು ಮನೆಯೊಳಗೆ ತರಬಹುದು. ಬಾಗಿಲು ತೆರೆಯುತ್ತದೆ. ತೊಯ್ದು ತೊಪ್ಪೆಯಾದ ಅವಳು ಒಳಬರುತ್ತಾಳೆ. ಕೂದಲಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿದೆ. ಹೊರಗಿನ ಮಳೆ ಕೇವಲ ಶಬ್ದ. ಎರಡು ಬಟ್ಟಲಿರುವ ಮೇಜಿನ ಮೇಲಿನಿಂದ ಅವಳು ಒಂದನ್ನು ತೆಗೆದು ಒಳಗಿಡುತ್ತಾಳೆ. ಒಂದು ಬಕೆಟ್ ನೀರಿನಲ್ಲಿ ಕೆಲಸ ಮುಗಿಯಿತು, ನನ್ನ ಮಟ್ಟಿಗೆ ಹೇಳುವುದಾದರೆ ದೃಶ್ಯವೂ ಮೊದಲಿಗಿಂತ ಗಟ್ಟಿಯಾಯಿತು.

ಅನುಭವಿಗಳು ಹೊಸಬರಿಗೆ ಹೇಳುವ ಕ್ರಮ ಇದು: ಕಥೆ ಬರೆದು ಬೇಕಾದದ್ದನ್ನು ಹುಡುಕುವ ಬದಲು, ನಿಮಗೆ ಯಾವ ಜಾಗ, ಯಾವ ವಸ್ತು, ಯಾವ ನಟರು ಸಲೀಸಾಗಿ ದೊರೆಯುತ್ತಾರೆ ಎಂದು ಪಟ್ಟಿ ಮಾಡಿಕೊಂಡು ಅದರೊಳಗೆ ಕಥೆ ಹುಡುಕಿ. ಪುಟ್ಟ ಮಕ್ಕಳು, ಪ್ರಾಣಿಗಳು, ಓಡುತ್ತಿರುವ ವಾಹನ, ಹೊಡೆದಾಟ, ಬೆಂಕಿ ಇವೆಲ್ಲ ಹೆಚ್ಚು ಸಮಯವನ್ನೂ ಹೆಚ್ಚಿನ ಸುರಕ್ಷತೆಯನ್ನೂ ಬೇಡುತ್ತವೆ. ಇವಿಲ್ಲದೆ ಕಥೆಯೇ ಇಲ್ಲ ಎನ್ನುವಂತಿದ್ದರೆ ಇಟ್ಟುಕೊಳ್ಳಿ, ಆದರೆ ಬೆಂಕಿ ಮತ್ತು ಹೊಡೆದಾಟವನ್ನು ತಿಳಿದವರ ಮೇಲ್ವಿಚಾರಣೆ ಇಲ್ಲದೆ ಮಾಡಲೇಬಾರದು.

ಕಥೆಯ ಕ್ರಮ ಬೇರೆ, ಚಿತ್ರೀಕರಣದ ಕ್ರಮ ಬೇರೆ

ಮನೆ ಕಟ್ಟುವವರು ಅಡುಗೆಮನೆಯನ್ನು ಬಣ್ಣ ಬಳಿಯುವವರೆಗೆ ಮುಗಿಸಿ ಆಮೇಲೆ ಮಲಗುವ ಕೋಣೆಗೆ ಅಡಿಪಾಯ ಹಾಕುವುದಿಲ್ಲ. ಎಲ್ಲ ಕೋಣೆಗಳ ಅಡಿಪಾಯ ಒಟ್ಟಿಗೆ, ಗೋಡೆ ಒಟ್ಟಿಗೆ, ವೈರಿಂಗ್ ಒಟ್ಟಿಗೆ. ಚಿತ್ರೀಕರಣವೂ ಹಾಗೆಯೇ. ಒಂದೇ ಕೋಣೆಯಲ್ಲಿ ನಡೆಯುವ ಮೊದಲ ದೃಶ್ಯ, ಆರನೆಯ ದೃಶ್ಯ, ಕೊನೆಯ ದೃಶ್ಯ ಮೂರನ್ನೂ ಒಂದೇ ದಿನ ತೆಗೆಯುತ್ತಾರೆ. ಆ ದೃಶ್ಯಗಳಲ್ಲೂ ಕಿಟಕಿಯ ಕಡೆಗೆ ನೋಡುವ ಶಾಟ್‌ಗಳೆಲ್ಲ ಮೊದಲು, ಬಾಗಿಲಿನ ಕಡೆಗೆ ನೋಡುವವು ಆಮೇಲೆ. ಪ್ರತಿ ಬಾರಿ ದೀಪ, ಕ್ಯಾಮೆರಾ ತಿರುಗಿಸುವ ಸಮಯ ಇದರಿಂದ ಉಳಿಯುತ್ತದೆ.

ಆದರೆ ಇದಕ್ಕೊಂದು ಬೆಲೆ ಇದೆ. ತೆರೆಯ ಮೇಲೆ ಒಂದರ ಹಿಂದೊಂದು ಬರುವ ಎರಡು ಶಾಟ್‌ಗಳನ್ನು ತೆಗೆಯುವ ನಡುವೆ ನಾಲ್ಕು ಗಂಟೆಯೋ ನಾಲ್ಕು ವಾರವೋ ಕಳೆದಿರುತ್ತದೆ. ಒಂದು ಶಾಟ್‌ನಲ್ಲಿ ಲೋಟದ ತುಂಬ ನೀರಿದೆ, ಮರುಕ್ಷಣದ ಶಾಟ್‌ನಲ್ಲಿ ಅರ್ಧ ಲೋಟ, ಮತ್ತೆ ತುಂಬಿದ ಲೋಟ. ಅಂಗಿಯ ತೋಳು ಮಡಿಸಿತ್ತು, ಈಗ ಇಳಿದಿದೆ. ಹೀಗಾಗದೆ ಶಾಟಿನಿಂದ ಶಾಟಿಗೆ ಎಲ್ಲವೂ ಹೊಂದಿಕೊಂಡಿರುವುದನ್ನು ಕಂಟಿನ್ಯೂಟಿ ಎನ್ನುತ್ತಾರೆ. ದೊಡ್ಡ ಚಿತ್ರದಲ್ಲಿ ಇದನ್ನೇ ನೋಡಿಕೊಳ್ಳಲು ಒಬ್ಬರು ಇರುತ್ತಾರೆ. ಸಣ್ಣ ತಂಡದಲ್ಲಿ ನಿರ್ದೇಶಕರು ‘ನಾನೇ ನೆನಪಿಟ್ಟುಕೊಳ್ಳುತ್ತೇನೆ’ ಎಂದುಕೊಳ್ಳುತ್ತಾರೆ, ಆದರೆ ಅದು ಆಗುವುದಿಲ್ಲ. ನಟನೆ ನೋಡುವ ಕಣ್ಣು ಲೋಟ ನೋಡುವುದಿಲ್ಲ. ಮೊಬೈಲ್ ಹಿಡಿದು ಪ್ರತಿ ಶಾಟಿನ ಆದಿ ಅಂತ್ಯದಲ್ಲಿ ಒಂದೊಂದು ಫೋಟೊ ತೆಗೆಯುವ ಕೆಲಸಕ್ಕೆ ಒಬ್ಬರನ್ನು ನೇಮಿಸಿದರೆ ಸಾಕು. ಅವರಿಗೆ ಸಿನಿಮಾ ಗೊತ್ತಿರಬೇಕೆಂದೇನೂ ಇಲ್ಲ, ಶ್ರದ್ಧೆ ಇದ್ದರಾಯಿತು.

ಬೆಳಕು

ಕಣ್ಣಿಗೆ ಸರಿಯಾಗಿ ಕಾಣುವ ಕೋಣೆ ಕ್ಯಾಮೆರಾಕ್ಕೆ ಸರಿಯಾಗಿ ಕಾಣುವುದಿಲ್ಲ. ಕಿಟಕಿಯ ಹೊರಗಿನ ಪ್ರಖರ ಬೆಳಕನ್ನೂ ಒಳಗಿನ ಮಬ್ಬು ಮೂಲೆಯನ್ನೂ ಕಣ್ಣು ಏಕಕಾಲಕ್ಕೆ ಸಂಭಾಳಿಸುತ್ತದೆ. ಕ್ಯಾಮೆರಾ ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡುತ್ತದೆ. ಬಣ್ಣದ ಕಥೆಯೂ ಇದೇ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಹಳೆಯ ಬುರುಡೆ ದೀಪದಂಥ ಹಳದಿ ಬೆಳಕು ಸುಮಾರು 2700ರಿಂದ 3200 ಕೆಲ್ವಿನ್, ಹಗಲಿನ ಬೆಳಕು ಸುಮಾರು 5600 ಕೆಲ್ವಿನ್ ಎಂದು ಲೆಕ್ಕ. ಒಂದೇ ಕೋಣೆಯಲ್ಲಿ ಎರಡೂ ಬೆರೆತರೆ ಮುಖದ ಒಂದು ಬದಿ ಕಿತ್ತಳೆ, ಇನ್ನೊಂದು ಬದಿ ನೀಲಿ. ಕಿಟಕಿ ಮುಚ್ಚುವುದು ಅಥವಾ ದೀಪ ಆರಿಸುವುದು ಅತ್ಯಂತ ಅಗ್ಗದ ಪರಿಹಾರ.

ಮತ್ತೊಂದು ತೊಂದರೆ ಮಿನುಗು. ಮನೆಗೆ ಬರುವ ವಿದ್ಯುತ್ತು ಕೆಲವು ದೇಶಗಳಲ್ಲಿ ಸೆಕೆಂಡಿಗೆ 50 ಬಾರಿ, ಕೆಲವೆಡೆ 60 ಬಾರಿ ಆವರ್ತಿಸುತ್ತದೆ (50 ಅಥವಾ 60 ಹರ್ಟ್ಜ್). ಇದರಿಂದ ಹಲವು ದೀಪಗಳ ಬೆಳಕು ಸೆಕೆಂಡಿಗೆ 100 ಅಥವಾ 120 ಬಾರಿ ಏರಿಳಿಯುತ್ತದೆ. ಕಣ್ಣಿಗೆ ಅದು ತಿಳಿಯುವುದಿಲ್ಲ, ಆದರೆ ಚಿತ್ರದಲ್ಲಿ ಪಟ್ಟೆಗಳು ತೆವಳಿದಂತೆ ಕಾಣುತ್ತದೆ. ಕ್ಯಾಮೆರಾದ ಶಟರ್ ವೇಗವನ್ನು, ಅಂದರೆ ಒಂದೊಂದು ಚೌಕಟ್ಟಿಗೆ (ಫ್ರೇಮಿಗೆ) ಬೆಳಕು ಬೀಳುವ ಅವಧಿಯನ್ನು, 50 ಹರ್ಟ್ಜ್ ಇರುವಲ್ಲಿ ಸೆಕೆಂಡಿನ 50ನೇ ಅಥವಾ 100ನೇ ಒಂದು ಭಾಗಕ್ಕೆ, 60 ಹರ್ಟ್ಜ್ ಇರುವಲ್ಲಿ 60ನೇ ಅಥವಾ 120ನೇ ಒಂದು ಭಾಗಕ್ಕೆ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮೊಬೈಲಿನ ಸ್ವಯಂಚಾಲಿತ ವ್ಯವಸ್ಥೆಗೆ ಬಿಟ್ಟರೆ ಅದು ತನಗೆ ತೋಚಿದಂತೆ ಬದಲಿಸುತ್ತಾ ಹೋಗುತ್ತದೆ. ಬೆಳಕು, ಬಣ್ಣ, ಫೋಕಸ್ ಮೂರನ್ನೂ ಶಾಟ್ ಶುರುವಾಗುವ ಮೊದಲೇ ಲಾಕ್ ಮಾಡಬೇಕು.

ದುಬಾರಿ ದೀಪ ಇಲ್ಲದವರು ನೆನಪಿಡಬೇಕಾದ ಹೆಸರು ಛಾಯಾಗ್ರಾಹಕ ಸುಬ್ರತ ಮಿತ್ರ. ಸತ್ಯಜಿತ್ ರಾಯ್ ಅವರ 1956ರ ‘ಅಪರಾಜಿತೊ’ ಚಿತ್ರಕ್ಕಾಗಿ ಸ್ಟುಡಿಯೊದಲ್ಲಿ ಹಾಕಿದ ಮನೆಯಂಗಳದ ಸೆಟ್ಟಿನ ಮೇಲೆ ಅವರು ಬಿಳಿ ಬಟ್ಟೆ ಕಟ್ಟಿಸಿದರು. ದೀಪಗಳನ್ನು ನೇರವಾಗಿ ನಟರ ಮೇಲೆ ಬಿಡದೆ ಆ ಬಟ್ಟೆಗೆ ಹಾಯಿಸಿ, ಅಲ್ಲಿಂದ ಚದುರಿ ಕೆಳಗಿಳಿದ ಬೆಳಕಿನಲ್ಲಿ ಚಿತ್ರೀಕರಿಸಿದರು. ತೆರೆದ ಆಕಾಶದಿಂದ ಅಂಗಳಕ್ಕೆ ಇಳಿಯುವ ಬೆಳಕಿನಂತೆಯೇ ಅದು ಕಂಡಿತು. ಇಂದಿಗೂ ಬಿಳಿ ಗೋಡೆ, ಬಿಳಿ ಹಾಸು, ಥರ್ಮಾಕೋಲ್ ಹಾಳೆ ಇವುಗಳ ಮೇಲೆ ಬೆಳಕು ಬಿಟ್ಟು ಮುಖಕ್ಕೆ ತಿರುಗಿಸುವುದು ಸಣ್ಣ ತಂಡಗಳ ದೊಡ್ಡ ಆಸರೆ.

ಸೂರ್ಯನ ಬೆಳಕು ಪುಕ್ಕಟೆ, ಆದರೆ ಅದು ನಿಲ್ಲುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಶುರುವಾದ ಎರಡು ನಿಮಿಷದ ಸಂಭಾಷಣೆ ಮಧ್ಯಾಹ್ನ ಮೂರಕ್ಕೆ ಮುಗಿದರೆ ನೆರಳುಗಳೆಲ್ಲ ಆಚೆ ಬದಿಗೆ ಹೋಗಿರುತ್ತವೆ. ಜಾಗ ನೋಡಲು ಹೋಗುವಾಗ ಚಿತ್ರೀಕರಣ ನಡೆಯುವ ಹೊತ್ತಿಗೇ ಹೋಗಬೇಕು.

ಧ್ವನಿ: ಹೆಚ್ಚಿನ ಚಿತ್ರಗಳು ಸೋಲುವ ಜಾಗ

ಸ್ವಲ್ಪ ಮಸುಕಾದ ದೃಶ್ಯವನ್ನು ಪ್ರೇಕ್ಷಕ ಶೈಲಿ ಎಂದು ಒಪ್ಪಿಕೊಳ್ಳುತ್ತಾನೆ. ಮಾತು ಕೇಳಿಸದಿದ್ದರೆ ಎದ್ದುಹೋಗುತ್ತಾನೆ. ಕೈಯಲ್ಲಿರುವ ಹಣದಲ್ಲಿ ಮೊದಲು ಬಾಡಿಗೆಗೆ ತರಬೇಕಾದದ್ದು ಒಳ್ಳೆಯ ಮೈಕ್ ಮತ್ತು ಅದನ್ನು ಹಿಡಿಯಬಲ್ಲ ಒಬ್ಬ ವ್ಯಕ್ತಿ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಇದರ ಹಿಂದಿನ ಭೌತವಿಜ್ಞಾನ ಸರಳ. ಬಯಲಿನಲ್ಲಿ, ಶಬ್ದದ ಮೂಲದಿಂದ ದೂರ ಎರಡು ಪಟ್ಟಾದರೆ ಶಬ್ದದ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಟನ ಬಾಯಿಂದ ಅರ್ಧ ಮೀಟರ್ ದೂರದಲ್ಲಿರುವ ಮೈಕಿಗೆ ಹೋಲಿಸಿದರೆ, ಎರಡು ಮೀಟರ್ ಆಚೆ ಕ್ಯಾಮೆರಾದಲ್ಲೇ ಇರುವ ಮೈಕಿಗೆ ತಲುಪುವುದು ಹದಿನಾರನೇ ಒಂದು ಭಾಗ. ರಸ್ತೆಯ ಸದ್ದು, ಫ್ಯಾನಿನ ಗುಂಯ್‌ಗುಡುವಿಕೆ, ಗೋಡೆಗೆ ಬಡಿದು ಮರಳುವ ಪ್ರತಿಧ್ವನಿ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಸಂಕಲನದಲ್ಲಿ ಧ್ವನಿ ಏರಿಸಿದರೆ ಅವೂ ಜೊತೆಗೇ ಏರುತ್ತವೆ. ಅದಕ್ಕೇ ಮೈಕನ್ನು ಉದ್ದನೆಯ ಕೋಲಿಗೆ ಕಟ್ಟಿ, ಚೌಕಟ್ಟಿನಲ್ಲಿ ಕಾಣದಂತೆ ನಟರ ತಲೆಯ ಮೇಲೆ ಹಿಡಿಯುತ್ತಾರೆ. ಅದು ಬೂಮ್. ಅಂಗಿಯೊಳಗೆ ಸಿಕ್ಕಿಸುವ ಪುಟ್ಟ ಕಾಲರ್ ಮೈಕ್ ಇನ್ನೊಂದು ದಾರಿ, ಆದರೆ ಬಟ್ಟೆ ತಾಗಿದ ಸರಪರ ಸದ್ದನ್ನು ಆಗಿಂದಾಗಲೇ ಕೇಳಿ ಸರಿಪಡಿಸಬೇಕು. ಯಾವ ಮೈಕ್ ಇದ್ದರೂ ಚಿತ್ರೀಕರಣದ ಉದ್ದಕ್ಕೂ ಒಬ್ಬರ ಕಿವಿಯಲ್ಲಿ ಹೆಡ್‌ಫೋನ್ ಇರಲೇಬೇಕು.

ಲೊಕೇಶನ್ ಒಪ್ಪುವ ಮೊದಲು ಅಲ್ಲಿ ಕಣ್ಣು ಮುಚ್ಚಿ ಎರಡು ನಿಮಿಷ ಕುಳಿತುಕೊಳ್ಳಿ. ಚಂದದ ಮನೆಯ ಪಕ್ಕದಲ್ಲಿ ಮರ ಕೊಯ್ಯುವ ಯಂತ್ರ ಇರಬಹುದು. ಫ್ರಿಜ್ಜಿನ ಗುನುಗು ಕಿವಿಗೆ ರೂಢಿಯಾಗಿರುತ್ತದೆ, ಮೈಕಿಗೆ ಆಗಿರುವುದಿಲ್ಲ. ಅದನ್ನು ಆರಿಸಿದವರು ಮರಳಿ ಹಾಕಲು ಮರೆತರೆ ಮನೆ ಕೊಟ್ಟವರ ಆಹಾರವೆಲ್ಲ ಹಾಳು. ಇದಕ್ಕೆ ಧ್ವನಿ ತಂತ್ರಜ್ಞರು ಕಂಡುಕೊಂಡ ಉಪಾಯ ನನಗೆ ತುಂಬ ಇಷ್ಟ: ಫ್ರಿಜ್ ಆರಿಸುವಾಗ ತಮ್ಮ ವಾಹನದ ಕೀಲಿಯನ್ನು ಅದರೊಳಗೇ ಇಟ್ಟುಬಿಡುತ್ತಾರೆ. ಕೀಲಿ ಇಲ್ಲದೆ ಯಾರೂ ಹೊರಡುವಂತಿಲ್ಲ.

ಪ್ರತಿ ಜಾಗದಿಂದ ಹೊರಡುವ ಮೊದಲು ಎಲ್ಲರೂ ಸುಮ್ಮನೆ ನಿಂತು ಆ ಕೋಣೆಯ ಮೌನವನ್ನು ಅರ್ಧ ನಿಮಿಷದಿಂದ ಒಂದು ನಿಮಿಷ ಧ್ವನಿಮುದ್ರಿಸಿಕೊಳ್ಳಬೇಕು. ಖಾಲಿ ಕೋಣೆಗೂ ತನ್ನದೇ ಸದ್ದಿದೆ. ಸಂಕಲನದಲ್ಲಿ ಎರಡು ಮಾತುಗಳ ನಡುವೆ ಕತ್ತರಿಸಿದ ಜಾಗವನ್ನು ಇದರಿಂದ ತುಂಬುತ್ತಾರೆ. ಇಲ್ಲದಿದ್ದರೆ ಅಲ್ಲಿ ಕಿವಿಗೆ ಹಳ್ಳ ಬಿದ್ದಂತಾಗುತ್ತದೆ.

ಧ್ವನಿಯನ್ನು ಬೇರೆ ಯಂತ್ರದಲ್ಲಿ ಮುದ್ರಿಸಿಕೊಂಡರೆ ಚಿತ್ರದೊಂದಿಗೆ ಹೊಂದಿಸಲು ಗುರುತು ಬೇಕು. ಕ್ಲ್ಯಾಪ್ ಬೋರ್ಡ್ ಇರುವುದು ಇದಕ್ಕೇ: ಹಲಗೆ ಕೂಡಿಕೊಂಡ ಚೌಕಟ್ಟು ಮತ್ತು ‘ಟಪ್’ ಎಂಬ ಸದ್ದು ಎರಡನ್ನೂ ಒಂದೇ ಬಿಂದುವಿಗೆ ತಂದರೆ ಮಾತು, ತುಟಿ ಕೂಡುತ್ತವೆ. ಬೋರ್ಡ್ ಇಲ್ಲದಿದ್ದರೆ ಕೈಚಪ್ಪಾಳೆ ಸಾಕು. ಮೊಬೈಲಿನಲ್ಲಿ ತೆಗೆಯುವವರು ಇಲ್ಲೊಂದು ವಿಷಯ ತಿಳಿದಿರಬೇಕು. ಹಲವು ಮೊಬೈಲ್‌ಗಳು ಸೆಕೆಂಡಿಗೆ ಇಷ್ಟೇ ಚೌಕಟ್ಟು ಎಂದು ಖಚಿತವಾಗಿ ತೆಗೆಯದೆ ಸ್ವಲ್ಪ ಹೆಚ್ಚುಕಡಿಮೆ ಮಾಡುತ್ತಿರುತ್ತವೆ. ಶಾಟಿನ ಆರಂಭದಲ್ಲಿ ಹೊಂದಿದ ಧ್ವನಿ ಮೂರು ನಿಮಿಷದ ಹೊತ್ತಿಗೆ ತುಟಿಯಿಂದ ಜಾರಿರುತ್ತದೆ. ಚೌಕಟ್ಟಿನ ವೇಗವನ್ನು ಸ್ಥಿರವಾಗಿಡುವ ಕ್ಯಾಮೆರಾ ಆ್ಯಪ್ ಬಳಸುವುದು ಅಥವಾ ಸಂಕಲನಕ್ಕೆ ಮೊದಲು ಸ್ಥಿರ ವೇಗಕ್ಕೆ ಪರಿವರ್ತಿಸಿಕೊಳ್ಳುವುದು ಇದಕ್ಕೆ ಪರಿಹಾರ.

‘ಹೇಗೂ ಡಬ್ಬಿಂಗ್ ಮಾಡಿದರಾಯಿತು’ ಎಂಬ ಮಾತು ಸಣ್ಣ ತಂಡಗಳಲ್ಲಿ ಬೇಗ ಬಾಯಿಗೆ ಬರುತ್ತದೆ. ಡಬ್ಬಿಂಗ್ ಎಂದರೆ ನಟರನ್ನು ಮತ್ತೆ ಕರೆಸುವುದು, ಸ್ಟುಡಿಯೊ ಹಿಡಿಯುವುದು, ಹೆಜ್ಜೆಯ ಸದ್ದಿನಿಂದ ಲೋಟ ಇಟ್ಟ ಸದ್ದಿನವರೆಗೆ ಎಲ್ಲವನ್ನೂ ಹೊಸದಾಗಿ ಸೃಷ್ಟಿಸುವುದು. ಚಿತ್ರೀಕರಣದ ದಿನ ಉಳಿಸಿದ್ದಕ್ಕಿಂತ ಹೆಚ್ಚು ಇಲ್ಲಿ ಹೋಗುತ್ತದೆ.

ಸಂಬಳವಿಲ್ಲದೆ ಬಂದವರು

ಕಡಿಮೆ ಬಜೆಟ್ಟಿನ ಚಿತ್ರಕ್ಕೆ ಬಹುತೇಕ ಮಂದಿ ಸ್ನೇಹಕ್ಕಾಗಿ, ಕಲಿಕೆಗಾಗಿ ಬರುತ್ತಾರೆ. ಸಂಬಳ ಕೊಡದವರಿಗೆ ಅವರ ಮೇಲೆ ಅಧಿಕಾರವಿಲ್ಲ. ಹಣ ಕೊಡುವ ಕೆಲಸ ಅದೇ ದಿನ ಬಂದರೆ ಅವರು ಅಲ್ಲಿಗೆ ಹೋಗುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಚಿತ್ರೀಕರಣ ಹಲವು ವಾರಕ್ಕೆ ಹರಡಿದಷ್ಟೂ ಈ ಅಪಾಯ ಹೆಚ್ಚು. ನಾಯಕ ಮಧ್ಯದಲ್ಲಿ ಕೂದಲು ಕತ್ತರಿಸಿಕೊಂಡು ಬಂದರೂ ಚಿತ್ರ ನಿಲ್ಲುತ್ತದೆ.

ಆದ್ದರಿಂದ ಹಣದ ಬದಲು ಏನು ಕೊಡಬಹುದೋ ಅದನ್ನು ಪೂರ್ತಿಯಾಗಿ ಕೊಡಬೇಕು: ಹೊತ್ತಿಗೆ ಸರಿಯಾದ ಊಟ, ಹೋಗಿಬರುವ ಖರ್ಚು, ಹೇಳಿದ ವೇಳೆಗೆ ಬಿಡುವು, ತೆರೆಯ ಮೇಲೆ ಸರಿಯಾದ ಹೆಸರು, ಮುಗಿದ ಚಿತ್ರದ ಪ್ರತಿ. ಊಟದ ಖರ್ಚನ್ನು ಕಡಿತಗೊಳಿಸಿ ಲೆನ್ಸ್ ಬಾಡಿಗೆಗೆ ತರುವ ನಿರ್ಧಾರ ನನಗೆ ಎಂದೂ ಸರಿಕಂಡಿಲ್ಲ. ಹಸಿದವರು ಸಂಜೆ ಐದಕ್ಕೆ ಬೂಮ್ ಕೋಲು ನೆಟ್ಟಗೆ ಹಿಡಿಯಲಾರರು. ಯಾರಿಗಾದರೂ ಪೆಟ್ಟಾದರೆ, ಬಾಡಿಗೆ ಕ್ಯಾಮೆರಾ ಬಿದ್ದರೆ ಖರ್ಚು ಯಾರದು ಎಂಬುದನ್ನೂ ಮೊದಲ ದಿನವೇ ಮಾತನಾಡಿಕೊಳ್ಳಬೇಕು.

ಕಾಗದ, ಒಪ್ಪಿಗೆ ಮತ್ತು ಸಂಗೀತ

ತೆರೆಯ ಮೇಲೆ ಕಾಣುವ ಪ್ರತಿಯೊಬ್ಬರಿಂದಲೂ, ಜಾಗ ಕೊಟ್ಟವರಿಂದಲೂ ಒಂದು ಪುಟದ ಲಿಖಿತ ಒಪ್ಪಿಗೆ ಪಡೆದಿರಬೇಕು. ಗೆಳೆಯರ ನಡುವೆ ಇದೇಕೆ ಎನಿಸಬಹುದು. ಚಿತ್ರಕ್ಕೆ ಪ್ರದರ್ಶನದ ಅವಕಾಶ ಬಂದಾಗ ಮೊದಲು ಕೇಳುವುದು ಈ ಕಾಗದವನ್ನೇ. ಎರಡು ವರ್ಷದ ಬಳಿಕ ಎಲ್ಲರನ್ನೂ ಹುಡುಕಿ ಸಹಿ ಹಾಕಿಸುವುದು ಆಗದ ಮಾತು.

ಸಂಗೀತದ ವಿಷಯ ಇನ್ನೂ ಸೂಕ್ಷ್ಮ. ಒಂದು ಹಾಡಿನಲ್ಲಿ ಎರಡು ಬೇರೆ ಹಕ್ಕುಗಳಿವೆ. ರಾಗ ಸಂಯೋಜನೆ ಮತ್ತು ಸಾಹಿತ್ಯದ ಹಕ್ಕು ಒಂದು, ಆ ನಿರ್ದಿಷ್ಟ ಧ್ವನಿಮುದ್ರಣದ ಹಕ್ಕು ಇನ್ನೊಂದು. ಚಿತ್ರದಲ್ಲಿ ಬಳಸಲು ಎರಡೂ ಬೇಕು. ಶತಮಾನಗಳ ಹಿಂದಿನ ಸಂಯೋಜನೆ ಯಾರ ಸ್ವತ್ತೂ ಅಲ್ಲದಿರಬಹುದು, ಆದರೆ ಕಳೆದ ವರ್ಷ ಅದನ್ನು ನುಡಿಸಿ ಮುದ್ರಿಸಿದವರ ಹಕ್ಕು ಜೀವಂತವಾಗಿದೆ. ಕೆಲವೇ ಸೆಕೆಂಡು ಬಳಸಿದರೆ ಅಡ್ಡಿಯಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಇಷ್ಟು ಸೆಕೆಂಡಿನವರೆಗೆ ಮುಕ್ತ ಎಂದು ಎಲ್ಲೆಡೆ ಅನ್ವಯವಾಗುವ ನಿಯಮವೇ ಇಲ್ಲ.

ಅಂತರ್ಜಾಲದಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಉಚಿತವಾಗಿ ಸಿಗುವ ಸಂಗೀತಕ್ಕೂ ಷರತ್ತುಗಳಿವೆ. ಹೆಸರು ಉಲ್ಲೇಖಿಸಿದರೆ ಸಾಕು ಎನ್ನುವ ಪರವಾನಗಿ ಅತ್ಯಂತ ಸಲೀಸು. ‘ರೂಪಾಂತರ ಮಾಡುವಂತಿಲ್ಲ’ ಎಂಬ ಷರತ್ತಿದ್ದರೆ ಅದನ್ನು ಚಿತ್ರಕ್ಕೆ ಬಳಸುವಂತಿಲ್ಲ, ಏಕೆಂದರೆ ಸಂಗೀತವನ್ನು ಚಲಿಸುವ ದೃಶ್ಯಕ್ಕೆ ಹೊಂದಿಸುವುದನ್ನೇ ಆ ಪರವಾನಗಿಗಳು ರೂಪಾಂತರ ಎಂದು ಪರಿಗಣಿಸುತ್ತವೆ. ಇದು ಹಲವರಿಗೆ ತಿಳಿಯದೆ ಹೋಗುತ್ತದೆ. ಪರಿಚಯದ ಯುವ ಸಂಗೀತಗಾರರಿಂದ ಹೊಸದಾಗಿ ಮಾಡಿಸಿ, ಒಪ್ಪಂದ ಬರೆದುಕೊಳ್ಳುವುದು ಎಲ್ಲಕ್ಕಿಂತ ಉತ್ತಮ.

ಚಿತ್ರೀಕರಣದ ನಂತರ

ಕೊನೆಯ ದಿನ ಪ್ಯಾಕಪ್ ಹೇಳಿದಾಗ ಅರ್ಧ ಕೆಲಸ ಉಳಿದಿರುತ್ತದೆ, ಹಣ ಮಾತ್ರ ಉಳಿದಿರುವುದಿಲ್ಲ. ಸಂಕಲನ, ಧ್ವನಿ ಶುದ್ಧಿ, ಬಣ್ಣ ಹೊಂದಿಸುವಿಕೆ, ಸಂಗೀತ, ಸಬ್‌ಟೈಟಲ್ ಇವಕ್ಕೆ ಬಜೆಟ್ಟಿನ ಒಂದು ಪಾಲನ್ನು ಮೊದಲೇ ತೆಗೆದಿಡದಿದ್ದರೆ ಚಿತ್ರ ಇಲ್ಲೇ ಸಿಕ್ಕಿಕೊಳ್ಳುತ್ತದೆ. ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಸಂಕಲನ, ಬಣ್ಣ, ಧ್ವನಿ ಮೂರನ್ನೂ ಮಾಡಬಹುದು. ಆದರೆ ಅದನ್ನು ಓಡಿಸಲು ಸಾಕಷ್ಟು ಶಕ್ತಿಯುಳ್ಳ ಕಂಪ್ಯೂಟರ್ ಬೇಕು.

ಸಂಗ್ರಹದ ಲೆಕ್ಕವನ್ನೂ ಹಾಕಿಕೊಳ್ಳಬೇಕು. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದರೆ ನಿಮಿಷಕ್ಕೆ 750 ಮೆಗಾಬೈಟ್, ಗಂಟೆಗೆ 45 ಗಿಗಾಬೈಟ್. ಹತ್ತು ನಿಮಿಷದ ಚಿತ್ರಕ್ಕೆ ಹತ್ತು ಪಟ್ಟು ತೆಗೆದರೂ 75 ಗಿಗಾಬೈಟ್. ಇದನ್ನು ಒಂದೇ ಕಡೆ ಇಡುವಂತಿಲ್ಲ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದಾದರೂ ಬೇರೆ ಮನೆಯಲ್ಲಿ ಎಂಬುದು ದತ್ತಾಂಶ ಕಾಪಾಡುವವರ ನಿಯಮ. ಪ್ರತಿ ತೆರೆದು ನೋಡಿ ಖಾತ್ರಿಯಾಗುವವರೆಗೆ ಮೆಮೊರಿ ಕಾರ್ಡ್ ಅಳಿಸಬಾರದು. ಕಳೆದುಹೋದ ಒಂದು ದಿನದ ಚಿತ್ರೀಕರಣವನ್ನು ಮತ್ತೆ ಮಾಡಲು ಹಣವೂ ಇರುವುದಿಲ್ಲ, ಜನರೂ ಬರುವುದಿಲ್ಲ.

ಮೊದಲ ಜೋಡಣೆ ನೋಡಿದಾಗ ನಿರಾಸೆಯಾಗುವುದು ಸಹಜ. ಬರೆದದ್ದೆಲ್ಲ ಒಂದರ ಹಿಂದೊಂದು ಕುಳಿತಿರುತ್ತದೆ, ಉಸಿರು ಇರುವುದಿಲ್ಲ. ಇಲ್ಲಿ ಚಿತ್ರದಲ್ಲಿ ಭಾಗಿಯಾಗದ ಇಬ್ಬರು ಮೂವರಿಗೆ ತೋರಿಸಿ, ಅವರಿಗೆ ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ಬೇಸರವಾಯಿತು ಎಂದು ಕೇಳಿಕೊಳ್ಳುವುದು ಉಪಯುಕ್ತ. ಎರಡು ದಿನ ಒದ್ದಾಡಿ ತೆಗೆದ ಶಾಟ್ ಎಂಬ ಕಾರಣಕ್ಕೆ ಅದನ್ನು ಉಳಿಸಿಕೊಳ್ಳುವುದು ಹೊಸ ನಿರ್ದೇಶಕರು ಬಿಡಲಾರದ ಮೋಹ. ಸಂಕಲನವನ್ನು ಬೇರೊಬ್ಬರಿಗೆ ಒಪ್ಪಿಸಿದರೆ ಈ ಕಷ್ಟ ಅರ್ಧ ತಗ್ಗುತ್ತದೆ.

ಚಿತ್ರ ಎಲ್ಲಿಗೆ ಹೋಗುತ್ತದೆ?

ಚಿತ್ರೋತ್ಸವಗಳಿಗೆ ಕಳುಹಿಸುವುದಾದರೆ ಬಹಳಷ್ಟು ಕಡೆ ಪ್ರವೇಶ ಶುಲ್ಕವಿದೆ. ಹತ್ತಾರು ಕಡೆ ಕಳುಹಿಸಿದರೆ ಆ ಮೊತ್ತ ಚಿತ್ರೀಕರಣದ ಒಂದು ದಿನದ ಖರ್ಚನ್ನೂ ಮೀರಬಹುದು. ಯಾವ ಉತ್ಸವ ಎಂಥ ಚಿತ್ರಗಳನ್ನು ಆರಿಸುತ್ತದೆ ಎಂದು ಹಿಂದಿನ ವರ್ಷಗಳ ಪಟ್ಟಿ ನೋಡಿ, ಕೆಲವನ್ನೇ ಆಯ್ದುಕೊಳ್ಳುವುದು ವಿವೇಕ. ಆಯ್ಕೆದಾರರು ಕಿರುಚಿತ್ರಗಳನ್ನು ಗುಂಪು ಮಾಡಿ ಒಂದೂವರೆ ಗಂಟೆಯ ಪ್ರದರ್ಶನವಾಗಿ ಹೆಣೆಯುತ್ತಾರೆ. ಅಲ್ಲಿ 28 ನಿಮಿಷದ ಚಿತ್ರ ಮೂರು ಸಣ್ಣ ಚಿತ್ರಗಳ ಜಾಗ ಕಸಿಯುತ್ತದೆ, ಆದ್ದರಿಂದ ಅದು ಆ ಮೂರಕ್ಕಿಂತ ಮೇಲಾಗಿರಬೇಕು.

ಅರ್ಜಿಯ ಜೊತೆ ಕಥಾಸಾರ, ನಿರ್ದೇಶಕರ ಪರಿಚಯ, ಸಬ್‌ಟೈಟಲ್ ಮತ್ತು ಸ್ಥಿರಚಿತ್ರಗಳನ್ನು ಕೇಳುತ್ತಾರೆ. ಸ್ಥಿರಚಿತ್ರ ತೆಗೆಯಬೇಕಿರುವುದು ಚಿತ್ರೀಕರಣದ ದಿನವೇ. ಆಗ ಇದು ಯಾರಿಗೂ ನೆನಪಾಗುವುದಿಲ್ಲ. ಚಿತ್ರಮಂದಿರದ ತೆರೆಗೆ ಡಿಸಿಪಿ ಎಂಬ ವಿಶೇಷ ಫೈಲ್ ರೂಪ ಬೇಕಾಗಬಹುದು, ಅದನ್ನು ಸಿದ್ಧಪಡಿಸಲು ಡಿಸಿಪಿ-ಒ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶವಿದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಮುಗಿದ ಸಂತೋಷದಲ್ಲಿ ಅದೇ ರಾತ್ರಿ ಚಿತ್ರವನ್ನು ಎಲ್ಲರೂ ನೋಡುವಂತೆ ಅಂತರ್ಜಾಲಕ್ಕೆ ಏರಿಸುವವರಿದ್ದಾರೆ. ಕೆಲವು ಉತ್ಸವಗಳು ಹಾಗೆ ಈಗಾಗಲೇ ಬಿಡುಗಡೆಯಾದ ಚಿತ್ರಗಳನ್ನು ಸ್ವೀಕರಿಸುವುದಿಲ್ಲ, ಕೆಲವು ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕೆಂದು ಕೇಳುತ್ತವೆ, ಇನ್ನು ಕೆಲವಕ್ಕೆ ಯಾವ ಅಡ್ಡಿಯೂ ಇಲ್ಲ. ನೀವು ಗುರಿಯಿಟ್ಟಿರುವ ಉತ್ಸವಗಳ ನಿಯಮ ಓದುವವರೆಗೆ ಗುಪ್ತಪದವಿರುವ ಖಾಸಗಿ ಲಿಂಕ್‌ನಲ್ಲಿ ಚಿತ್ರವನ್ನು ಇಟ್ಟುಕೊಳ್ಳಿ, ತಂಡದವರಿಗೂ ಹಾಗೆಯೇ ತಿಳಿಸಿಡಿ.